ಕಾಲು ತೆಗೆಯಲು ಕಾರ್ಡ್ ನಡೆಯುತ್ತದೆ, ಉಳಿಸಲು ಏಕಿಲ್ಲ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಸವಿನಯ ನಮಸ್ಕಾರಗಳು. ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿ, ತಿಂಗಳುಗಟ್ಟಲೆ ಮಾಯದೆ ನರಳುವ ಬಡವರಿಗೆ ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಯಲ್ಲೇ, ಬಿಪಿಎಲ್ ಕಾರ್ಡಿನ ಮೇಲೆಯೇ ಕೊಡಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂದೆ ರಾಯಚೂರು ಜಿಲ್ಲೆಯ ರೈತರು. ಮಧುಮೇಹದಿಂದ ಪಾದದ ಸ್ಪರ್ಶವೇ ಹೋಗಿದ್ದರಿಂದ, ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯಲಿಲ್ಲ. ಹಿಮ್ಮಡಿಯ ಆ ಗಾಯ ಎಲುಬಿನವರೆಗೆ ಇಳಿಯಿತು. ಬೆಳಿಗ್ಗೆ ನಾನು ಪಟ್ಟಿ ಬಿಚ್ಚುವಾಗ ಹತ್ತಿಯ ಜೊತೆಗೆ ಕಪ್ಪಾದ ಚರ್ಮವೂ ಎದ್ದು ಬರುತ್ತಿತ್ತು. ಅದರ ವಾಸನೆಗೆ ನಾಚಿ ಅವರು ಮೊಮ್ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಈ ಚಿಕಿತ್ಸೆಯ ಬಗ್ಗೆ ಹೇಳಿದ್ದು ಒಬ್ಬ ವೈದ್ಯರು. ಮುಚ್ಚಿದ ಚೇಂಬರಿನೊಳಗೆ, ವಾತಾವರಣದ 2ರಿಂದ 2.5 ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದಾಗ ಅದು ರಕ್ತದ ದ್ರವದಲ್ಲೇ ಹೆಚ್ಚಾಗಿ ಕರಗಿ, ರಕ್ತ ಸರಿಯಾಗಿ ಹರಿಯದ ಗಾಯದ ಅಂಚಿಗೂ ತಲುಪುತ್ತದೆ, ಹೊಸ ಸೂಕ್ಷ್ಮ ರಕ್ತನಾಳಗಳು ಬೆಳೆಯಲು ನೆರವಾಗುತ್ತದೆ. ಒಂದು ಸಲಕ್ಕೆ ಸುಮಾರು 90 ನಿಮಿಷ, ಸಾಮಾನ್ಯವಾಗಿ 20ರಿಂದ 40 ಸಲ ಬೇಕು. ಎಲ್ಲ ಹುಣ್ಣಿಗೂ ಇದು ಮದ್ದಲ್ಲ. ಸಕ್ಕರೆ ಹಿಡಿತದಲ್ಲಿರಬೇಕು, ಕೊಳೆತ ಭಾಗ ತೆಗೆದಿರಬೇಕು, ದೊಡ್ಡ ರಕ್ತನಾಳ ಕಟ್ಟಿದ್ದರೆ ಮೊದಲು ಅದನ್ನು ತೆರೆಯಬೇಕು. ಆದರೂ 30 ದಿನ ಸರಿಯಾದ ಆರೈಕೆ ಮಾಡಿಯೂ ಗುಣ ಕಾಣದ ಆಳವಾದ ಮಧುಮೇಹದ ಹುಣ್ಣಿಗೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2003ರಿಂದಲೇ ಇದರ ಖರ್ಚು ಭರಿಸುತ್ತಿದೆ.

ನಾವು ಹೋದ ಆಸ್ಪತ್ರೆಯ ಕೌಂಟರಿನಲ್ಲಿ ಸಿಕ್ಕ ಉತ್ತರವನ್ನು ತಾವು ಓದಲೇಬೇಕು: “ಕಾಲು ತೆಗೆಸೋದಿದ್ರ ಕಾರ್ಡ್ ನಡೀತದ, ಆಕ್ಸಿಜನ್ ಚಿಕಿತ್ಸೆಗೆ ರೊಕ್ಕ ಕಟ್ರಿ.” ಗಾಲಿಕುರ್ಚಿಯಲ್ಲಿದ್ದ ಅಪ್ಪ ಅದನ್ನು ಕೇಳಿಸಿಕೊಂಡರು. ಹೊಲ ಮಾರುವುದು ಬೇಡವೆಂದು ಅವರೇ ಹಟ ಹಿಡಿದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ನಮ್ಮಿಂದ ಒಂದು ರೂಪಾಯಿಯನ್ನೂ ಪಡೆಯಲಿಲ್ಲ. ದುಡಿಯುವ ಮನುಷ್ಯನ ಕಾಲು ಕಡಿಯಲು ಇರುವ ಹಣ ಅದನ್ನು ಉಳಿಸಲು ಇಲ್ಲವೆಂದರೆ, ಇದನ್ನು ಆರೋಗ್ಯ ರಕ್ಷಣೆ ಎಂದು ಯಾವ ಬಾಯಿಂದ ಕರೆಯುವುದು, ಸ್ವಾಮಿ?

ಹಿಂದುಳಿದ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಆಶಯವೇನು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಯಾವುದಕ್ಕಾಗಿ ಎಂಬುದು ತಮಗೆ ತಿಳಿಯದ ವಿಷಯವಲ್ಲ. ನಮ್ಮ ಭಾಗದ ಒಂದು ಸರ್ಕಾರಿ ಆಸ್ಪತ್ರೆಗಾದರೂ ಚೇಂಬರ್ ಕೊಡಿ, ಅದನ್ನು ನಡೆಸಲು ತರಬೇತಾದ ಸಿಬ್ಬಂದಿ ಕೊಡಿ, ಚಿಕಿತ್ಸೆಯನ್ನು ಕಾರ್ಡಿನಡಿ ತನ್ನಿ. ಅಪ್ಪನ ಇನ್ನೊಂದು ಪಾದದಲ್ಲೂ ಸ್ಪರ್ಶವಿಲ್ಲ. ಚೇಂಬರ್ ಕೊಡಿ, ಕಾರ್ಡಿನಡಿ ಕೊಡಿ, ಆಗುವುದಿಲ್ಲವೆಂದಾದರೆ ಕಾರಣವನ್ನು ಲಿಖಿತವಾಗಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ರಾಯಚೂರು ಜಿಲ್ಲೆಯ ರೈತರೊಬ್ಬರ ಮಗಳು