ಆ ಎಂಟೂ ನಿನ್ನವು

ಶಿರಸಿ
ಆಷಾಢದ ಒಂದು ಮಳೆಯ ಸಂಜೆ

ಪ್ರೀತಿಯ ಕೂಸೇ,

ಜೊತೆಗಿರುವ ಲಕೋಟೆ ನಿನ್ನ ಅಂಡಾಣುಗಳನ್ನು ಇಟ್ಟಿರುವ ಕಡೆಯಿಂದ ಬಂದದ್ದು. ಇನ್ನೊಂದು ವರ್ಷಕ್ಕೆ ಶುಲ್ಕ ಕಟ್ಟಿ ಮುಂದುವರಿಸುತ್ತೀರೋ ಇಲ್ಲವೋ ಎಂದು ಕೇಳಿದ್ದಾರೆ. ಮನೆಯ ವಿಳಾಸಕ್ಕೆ ಬಂದದ್ದರಿಂದ ಒಡೆದುಬಿಟ್ಟೆ, ತಪ್ಪಾಯಿತು. ಹಣ ಕಟ್ಟಿ ಬರುತ್ತೇನೆಂದು ಕೊಡೆ ಹಿಡಿದು ಹೊರಟವನನ್ನು ನಿನ್ನ ಆಯಿ ತಡೆದು, "ಸಹಿ ಯಾರದ್ದು ಕೇಳಿದ್ದಾರೆ, ಸರಿಯಾಗಿ ಓದಿ" ಎಂದಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಾನು ಅಡಕೆ ದರ ಮತ್ತು ಮಳೆಯಿಂದ ಆಚೆ ಹೋಗುವವನಲ್ಲ.

ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಇನ್ನೂ ನನ್ನ ಗಂಟಲಿನಲ್ಲೇ ಕುಳಿತಿದೆ. ನಿನ್ನ ಕುತ್ತಿಗೆಯ ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ತಿಳಿದ ವಾರ. ಮೊದಲು ಹೋದ ಆಸ್ಪತ್ರೆಯಲ್ಲಿ ವೈದ್ಯರು ಕೂದಲು ಉದುರುವುದನ್ನು, ವಾಂತಿಯನ್ನು, ರಕ್ತದ ಎಣಿಕೆ ಇಳಿಯುವುದನ್ನು ಎಲ್ಲ ವಿವರಿಸಿದರು. "ಮುಂದೆ ನನಗೆ ಮಕ್ಕಳಾಗುತ್ತವೆಯೇ?" ಎಂದು ನೀನೇ ಕೇಳಿದೆ. ಅವರು ನನ್ನ ಕಡೆ ತಿರುಗಿ, "ಇನ್ನೂ ಮದುವೆ ಆಗಿಲ್ಲವಲ್ಲ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅಲ್ಲಿಗೆ ಮಾತು ಮುಗಿದು ಫೈಲು ಮುಚ್ಚಿತು. 22 ವರ್ಷದ ನೀನು ಕೇಳಿದ ಪ್ರಶ್ನೆ ನನ್ನ ಒಂದು ತಲೆಯಾಟದಲ್ಲಿ ಸತ್ತುಹೋಯಿತು. ಅವರ ಮೇಲಿನ ಸಿಟ್ಟು ಇಳಿದಿದೆ, ನನ್ನ ಮೇಲಿನದು ಇಳಿದಿಲ್ಲ.

ಹೊರಗೆ ಬಂದಾಗ ನರ್ಸ್ ಒಬ್ಬರು ಹಿಂದಿನಿಂದ ಬಂದು, "ಕಿಮೋ ಶುರುವಾಗುವ ಮೊದಲೇ ಇದನ್ನು ವಿಚಾರಿಸಿ, ಬೇರೆ ಕಡೆಯಾದರೂ ವಿಚಾರಿಸಿ" ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು. ಮಳೆ ಹಿಡಿಯುವ ಮೊದಲೇ ಅಡಕೆಗೆ ಬೋರ್ಡೋ ಔಷಧಿ ಹೊಡೆಯಬೇಕು, ಕೊಳೆ ಬಂದ ಮೇಲೆ ಹೊಡೆದು ಏನು ಮಾಡುತ್ತೀರಿ ಎಂದು ಊರವರಿಗೆಲ್ಲ ಬುದ್ಧಿ ಹೇಳುವವನು ನಾನು. ನನಗೇ ಹೊಳೆದಿರಲಿಲ್ಲ.

ಬೆಂಗಳೂರಿನ ಆ ವೈದ್ಯೆ ನಿನ್ನೆದುರು ಕುರ್ಚಿ ಎಳೆದುಕೊಂಡು ಕುಳಿತು ಹೇಳಿದ್ದನ್ನು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೇಳಿಸಿಕೊಂಡೆ. ಹೆಣ್ಣುಮಗು ಜೀವಮಾನದ ಅಂಡಾಣುಗಳ ದಾಸ್ತಾನನ್ನು ಹೊತ್ತೇ ಹುಟ್ಟುತ್ತದೆ, ಆಮೇಲೆ ಹೊಸದಾಗಿ ಸೇರುವುದಿಲ್ಲ. ಕೆಲವು ಕಿಮೋ ಔಷಧಗಳು, ಅದರಲ್ಲೂ ಸೈಕ್ಲೋಫಾಸ್ಫಮೈಡ್ ಜಾತಿಯವು, ಆ ದಾಸ್ತಾನಿಗೇ ಕೈ ಹಾಕುತ್ತವೆ. ಚಿಕಿತ್ಸೆಯ ನಂತರ ಮುಟ್ಟು ಮರಳಿದರೂ ದಾಸ್ತಾನು ಮೊದಲಿನಷ್ಟೇ ಇದೆ ಎಂದು ಅರ್ಥವಲ್ಲ. "ಹೊರಗಿದ್ದಾಳೆ" ಎಂಬ ಮಾತಿನಲ್ಲೇ ಮುಗಿಸುವ ಮನೆಯಲ್ಲಿ ಬೆಳೆದವನು ಆ ದಿನ "ಮುಟ್ಟಿನ ದಿನಕ್ಕೆ ಕಾಯಬೇಕೇ?" ಎಂದು ಬಾಯಿಬಿಟ್ಟು ಕೇಳಿದೆ. ಬೇಡ, ತಿಂಗಳ ಯಾವ ದಿನವಾದರೂ ಅಂಡಾಣು ಬಲಿಸುವ ಚುಚ್ಚುಮದ್ದು ಶುರು ಮಾಡಬಹುದು ಎಂದರು. ನಿನ್ನ ಕಾಯಿಲೆಗೆ ಎರಡು ವಾರದ ಬಿಡುವಿತ್ತು. ತೀವ್ರವಾದ ರಕ್ತದ ಕ್ಯಾನ್ಸರಿನಲ್ಲಿ ಅಷ್ಟು ಬಿಡುವು ಸಿಗುವುದು ಕಷ್ಟವಂತೆ. ಕುಮಟಾ ಕಡೆಯ ಆ ಹುಡುಗ ನೆನಪಿದ್ದಾನೆಯೇ? ತನಗಾಗಿ ತೆಗೆದಿಡಲು ವೀರ್ಯ ಕೊಟ್ಟು ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋದ. ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಾಶಯದ ಒಂದು ತುಣುಕನ್ನೇ ತೆಗೆದಿಡುತ್ತಾರೆ ಎಂದು ತಿಳಿದದ್ದೂ ಅಲ್ಲಿಯೇ. ಹಾಗೆ ತೆಗೆದಿಟ್ಟ ಅಂಗಾಂಶವನ್ನು ಮತ್ತೆ ಕಸಿ ಮಾಡಿದ ಮೇಲೆ ಮೊದಲ ಮಗು ಹುಟ್ಟಿದ್ದು 2004ರಲ್ಲಿ, ಬೆಲ್ಜಿಯಂನಲ್ಲಿ.

ಹನ್ನೊಂದು ದಿನ ನಿನ್ನ ಹೊಟ್ಟೆಗೆ ಸೂಜಿ. ಕೊನೆಯದನ್ನು ರಾತ್ರಿ ಸರಿಯಾಗಿ ಹತ್ತೂವರೆಗೇ ಕೊಡಬೇಕು, ಅದಾಗಿ ಸುಮಾರು 35 ಗಂಟೆಗೆ ಅಂಡಾಣು ಹೊರತೆಗೆಯಬೇಕು ಎಂದಿದ್ದರು. ಆ ರಾತ್ರಿ ನಾನು ಎರಡು ಮೊಬೈಲ್‌ಗಳಲ್ಲಿ ಅಲಾರಂ ಇಟ್ಟು, ಅವೆರಡನ್ನೂ ನಂಬದೆ ಕೈಗಡಿಯಾರ ಹಿಡಿದು ಕುಳಿತಿದ್ದೆ. ನೀನು ನಕ್ಕೆ. ಆ ದಿನಗಳಲ್ಲಿ ನೀನು ನಕ್ಕದ್ದು ಎರಡೇ ಸಲ.

ಎರಡನೆಯದು ಸಾರಜನಕದ ಡಬ್ಬಿ ನೋಡಿದಾಗ. ಸಿಕ್ಕಿದ್ದು ಹನ್ನೊಂದು, ಬಲಿತವು ಎಂಟು, ಅವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತೇವೆ ಎಂದು ಅವರು ಗಂಭೀರವಾಗಿ ವಿವರಿಸುತ್ತಿದ್ದರು. ನನ್ನ ಬಾಯಿಂದ, "ನಮ್ಮ ಕೊಟ್ಟಿಗೆಗೂ ಇದೇ ಬರುತ್ತದೆ" ಎಂದು ಹೊರಟುಹೋಯಿತು. ಗೌರಿ ಬೆದೆಗೆ ಬಂದಾಗ ಪಶು ಆಸ್ಪತ್ರೆಯವರು ಬೈಕಿಗೆ ಕಟ್ಟಿಕೊಂಡು ತರುವ ಡಬ್ಬಿ. ಮುಚ್ಚಳ ತೆಗೆದರೆ ಬಿಳಿ ಹೊಗೆ ನೆಲಕ್ಕೆ ಇಳಿಯುತ್ತದೆ. ಚಿಮಟದಿಂದ ಹೋರಿಯ ವೀರ್ಯ ತುಂಬಿದ ಸಪೂರ ಕಡ್ಡಿಯೊಂದನ್ನು ಎತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದುತ್ತಾರೆ. ಆ ನೀರು ಕಾಸಿ ಕೊಡುತ್ತಿದ್ದವಳು ನೀನೇ, ಏಳನೆಯ ತರಗತಿಯಿಂದ. "ನನ್ನನ್ನು ಗೌರಿಯ ಸಾಲಿಗೆ ಸೇರಿಸಿದೆಯಾ ಅಪ್ಪಾ" ಎಂದೆ. ಆ ಹೋಲಿಕೆಯಿಂದಲೇ ನನ್ನ ಹೆದರಿಕೆ ಹೋಯಿತು ಎಂದು ನಿನಗೆ ಹೇಳಲು ಆಗಲಿಲ್ಲ.

ಈಗ ಹೇಳಬೇಕಾದದ್ದು. ಸುದ್ದಿ ಹೇಗೋ ಹಬ್ಬಿದೆ. ತೋಟದ ಮನೆಯ ಹುಡುಗರಿಗೆ ಹೆಣ್ಣೇ ಸಿಗುತ್ತಿಲ್ಲ ಎಂದು ಗೋಳಿಡುವ ಈ ಸೀಮೆಯಲ್ಲೇ, ನಿನ್ನ ವಿಷಯ ಬಂದರೆ ಮಾತ್ರ ಧ್ವನಿ ತಗ್ಗುತ್ತದೆ. ನಿನ್ನ ದೊಡ್ಡಮ್ಮನಂತೂ, "ಇಟ್ಟಿದ್ದೀರಲ್ಲ, ಮೊಮ್ಮಗುವಿಗೆ ಚಿಂತೆಯಿಲ್ಲ" ಎಂದಳು, ಉಗ್ರಾಣದಲ್ಲಿ ಚಾಲಿ ಅಡಕೆ ಇಟ್ಟ ಹಾಗೆ. ಎಂಟು ಅಂಡಾಣು ಎಂದರೆ ಎಂಟು ಮಕ್ಕಳಲ್ಲ, ಒಂದೂ ಖಾತ್ರಿಯಲ್ಲ ಎಂದು ವೈದ್ಯೆ ಅಂದೇ ಹೇಳಿದ್ದರು. ಅದಕ್ಕಿಂತ ಮುಖ್ಯ, ಅವನ್ನು ಇಟ್ಟದ್ದು ನನಗಾಗಿ ಅಲ್ಲ. ಆಗ ನಾನು ತೋಟದ ಮೇಲೆ ಸಾಲ ಎತ್ತಿದ್ದು ನಿಜ. ಅದು ನಿನ್ನ ಲೆಕ್ಕದಲ್ಲಿ ಬರೆದಿಟ್ಟ ಸಾಲವಲ್ಲ. ಸಂತಾನ ಪಡೆಯಲು ನೆರವಾಗುವ ಚಿಕಿತ್ಸೆಗಳ ಬಗ್ಗೆ ಇರುವ 2021ರ ಕಾಯ್ದೆಯ ಪ್ರಕಾರ 10 ವರ್ಷ ಇಡಬಹುದು, 21 ದಾಟಿದ ಹೆಣ್ಣಿಗೆ ಮದುವೆಯಾಗಿಯೇ ಇರಬೇಕೆಂದಿಲ್ಲ. ಬಳಸು, ಬಿಡು, ಇನ್ನೂ ಯೋಚಿಸು. ಮುಂದುವರಿಸುವುದು ಬೇಡ ಎಂದು ಬರೆದರೂ ನಾನು ಕಾರಣ ಕೇಳುವುದಿಲ್ಲ. ಆಯಿ ಕೇಳಬಹುದು, ಅವಳನ್ನು ನಾನು ನೋಡಿಕೊಳ್ಳುತ್ತೇನೆ.

ನಮೂನೆಯ ಕೊನೆಯ ಪುಟದಲ್ಲಿ ಆ ಕಲಂ ಇದೆ, ಇಟ್ಟವರು ತೀರಿಕೊಂಡರೆ ಏನು ಮಾಡಬೇಕು ಎಂಬುದು. ಅಂದು ಅದು ಕಣ್ಣಿಗೆ ಬಿದ್ದಾಗ ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನೀನು ಪೆನ್ನಿನ ಮುಚ್ಚಳ ತೆಗೆದು ಏನೋ ಗುರುತು ಹಾಕಿದೆ. ಏನೆಂದು ಇವತ್ತಿನವರೆಗೂ ಕೇಳಿಲ್ಲ. ಬದಲಾಯಿಸಬೇಕೆನಿಸಿದರೆ ಈ ಸಲ ಬದಲಾಯಿಸು.

ತಿಂಗಳ ಕೊನೆಯೊಳಗೆ ಅವರಿಗೆ ತಲುಪಬೇಕು. ಆಯಿ ಅಪ್ಪೆಮಿಡಿಯ ಡಬ್ಬಿ ಕಟ್ಟುತ್ತಿದ್ದಾಳೆ, ಅದು ನಾಳೆಯ ಬಸ್ಸಿಗೆ. ಉಪ್ಪುನೀರು ಸೋರಿದರೆ ಕಾಗದ ಹಾಳಾದೀತೆಂದು ಇದನ್ನು ಬೇರೆಯಾಗಿ ಅಂಚೆಗೆ ಹಾಕುತ್ತಿದ್ದೇನೆ.

ನಿನ್ನ
ಅಪ್ಪ