ಸಿಎ ಉತ್ತರಪತ್ರಿಕೆಗಳಿಗೂ ಮರುಮೌಲ್ಯಮಾಪನ ಬೇಕು: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಹುಬ್ಬಳ್ಳಿ, ಜನವರಿ 2025

ಕೇಂದ್ರ ಹಣಕಾಸು ಹಾಗೂ ಕಾರ್ಪೊರೇಟ್ ವ್ಯವಹಾರಗಳ ಸಚಿವರಾದ ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ಗೌರವಪೂರ್ವಕ ವಂದನೆಗಳು. ನಾನು ಹುಬ್ಬಳ್ಳಿಯಲ್ಲಿ ವಾಣಿಜ್ಯ ವಿಷಯ ಬೋಧಿಸುವ ಉಪನ್ಯಾಸಕ. ನನ್ನ ಬಳಿ ಬಿ.ಕಾಂ. ಓದಿದ ಕೆಲವರು ಕಳೆದ ನವೆಂಬರಿನಲ್ಲಿ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಫೈನಲ್ ಪರೀಕ್ಷೆ ಬರೆದರು. ಅಡ್ವಾನ್ಸ್ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಪತ್ರಿಕೆಯ ದಿನ ಸಂಜೆ ಐದಕ್ಕೆ ಪರೀಕ್ಷಾ ಕೇಂದ್ರದ ಗೇಟಿನ ಹತ್ತಿರ ಅವರಿಗಾಗಿ ಕಾಯುತ್ತಿದ್ದೆ. ಹೊರಬಂದ ಕೂಡಲೇ ಉತ್ತರ ತಾಳೆ ನೋಡುತ್ತಿದ್ದ ಮಕ್ಕಳು ಅಂದು ಮಾತಿಲ್ಲದೆ ಬಂದರು. ಒಬ್ಬಳು ಕ್ಯಾಲ್ಕ್ಯುಲೇಟರನ್ನು ಚೀಲಕ್ಕೂ ಹಾಕದೆ ಕಟ್ಟೆಯ ಮೇಲೆ ಕುಳಿತು, "ಫಾರೆಕ್ಸ್ (ವಿದೇಶಿ ವಿನಿಮಯದ) ಲೆಕ್ಕ ಅರ್ಧಕ್ಕ ಬಿಟ್ಟೇನ್ರಿ ಸರ್, ಟೈಮ್ ಸಾಲಲಿಲ್ರಿ" ಎಂದಳು. ಅವಳ ಪಕ್ಕದಲ್ಲಿ ನಿಂತಿದ್ದ ಹುಡುಗ ಪ್ರಶ್ನೆಯಲ್ಲಿ ಸ್ಪಷ್ಟವಿಲ್ಲದ್ದನ್ನು ತಾನೇ ಊಹಿಸಿಕೊಂಡು (ಅಸಂಪ್ಷನ್) ಬರೆದಿದ್ದ, ಅವನ ಚಿಂತೆ ಬೇರೆ: "ನಾ ಒಂದು ಅಸಂಪ್ಷನ್ ಬರದು ಲೆಕ್ಕ ಮಾಡೇನ್ರಿ. ನೋಡವ್ರು ಒಪ್ತಾರೋ ಇಲ್ಲೋ."

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಆ ಹುಡುಗನಿಗೆ ಈ ಪತ್ರಿಕೆಯಲ್ಲಿ 38, ಉಳಿದೆರಡರಲ್ಲಿ 57 ಮತ್ತು 58. ಈ ಮೂರು ಪತ್ರಿಕೆಗಳ ಗುಂಪಿಗೆ ಒಟ್ಟು ಬೇಕಾದ 150ಕ್ಕಿಂತ ಮೂರು ಅಂಕ ಹೆಚ್ಚೇ ಇದ್ದರೂ ಪ್ರತಿ ಪತ್ರಿಕೆಯಲ್ಲಿ 40 ಬರಲೇಬೇಕು, ಒಂದು ಪತ್ರಿಕೆಯನ್ನು ಮತ್ತೆ ಬರೆಯದಿರುವ ವಿನಾಯಿತಿ ಸಿಗಲು ಅದರಲ್ಲಿ 60 ಬೇಕು ಎಂಬ ನಿಯಮದಿಂದಾಗಿ ಅವನು ಮೂರೂ ಪತ್ರಿಕೆಗಳನ್ನು ಮತ್ತೆ ಬರೆಯಬೇಕು.

ಪತ್ರಿಕೆಯನ್ನು ಸುಲಭ ಮಾಡಿ ಎಂದು ನಾನು ಕೇಳಲಾರೆ; ಕಂಪನಿಯ ಲೆಕ್ಕಕ್ಕೆ ಸಹಿ ಹಾಕುವವರನ್ನು ಬಿಗಿಯಾಗಿಯೇ ಪರೀಕ್ಷಿಸಬೇಕು. ಮೊದಲ ಗುಂಪಿನ ಉತ್ತೀರ್ಣತೆ ಮೇ 2024ರ ಶೇ 27.35ರಿಂದ ನವೆಂಬರಿನಲ್ಲಿ ಶೇ 16.8ಕ್ಕೆ ಇಳಿದದ್ದನ್ನೂ ಮಕ್ಕಳು ನುಂಗಿಕೊಂಡಿದ್ದಾರೆ. ಅವರಿಗೆ ನುಂಗಲಾಗದ್ದು ಬೇರೊಂದಿದೆ. ನೂರರಲ್ಲಿ 30 ಅಂಕ ಬಹು ಆಯ್ಕೆಯ ಪ್ರಶ್ನೆಗಳಿಗೆ, ಅಲ್ಲಿ ಉತ್ತರ ಒಂದೇ. ಉಳಿದ 70 ಅಂಕ ವಿವರಣಾತ್ಮಕ ಉತ್ತರಗಳಿಗೆ. ಅಲ್ಲಿ ಹಂತಕ್ಕೆಷ್ಟು, ವರ್ಕಿಂಗ್ ನೋಟ್‌ಗೆ (ಲೆಕ್ಕ ಬಿಡಿಸಿದ ಟಿಪ್ಪಣಿಗೆ) ಎಷ್ಟು, ಬೇರೆ ಅಸಂಪ್ಷನ್ ಹಿಡಿದು ಸರಿಯಾಗಿ ಮುಗಿಸಿದವನಿಗೆಷ್ಟು ಎಂಬುದು ಮೌಲ್ಯಮಾಪಕರ ವಿವೇಚನೆ. 1988ರ ಚಾರ್ಟರ್ಡ್ ಅಕೌಂಟೆಂಟ್ಸ್ ನಿಯಮಾವಳಿಯ 39(4) ಪ್ರಕಾರ ಉತ್ತರಕ್ಕೆ ಅಂಕ ಕೊಟ್ಟಿದೆಯೇ ಎಂಬುದರ ಪರಿಶೀಲನೆಗಷ್ಟೇ ಅವಕಾಶ, ಉತ್ತರವನ್ನು ಮತ್ತೆ ಮೌಲ್ಯಮಾಪನ ಮಾಡುವುದಕ್ಕಿಲ್ಲ. ಉತ್ತರಪತ್ರಿಕೆಯ ದೃಢೀಕೃತ ಪ್ರತಿ ತರಿಸಿಕೊಳ್ಳಬಹುದು, ಆದರೆ ನೋಡಿ ಏನು ಮಾಡುವುದು? ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಬರೆದ ಮಗುವಿಗೂ ಇರುವ ಮರುಮೌಲ್ಯಮಾಪನದ ಹಕ್ಕು ವರ್ಷಗಟ್ಟಲೆ ಆರ್ಟಿಕಲ್‌ಶಿಪ್ (ಸಿಎ ಒಬ್ಬರ ಕೈಕೆಳಗೆ ಕಡ್ಡಾಯ ತರಬೇತಿ) ಮಾಡಿ ಬಂದ ಅಭ್ಯರ್ಥಿಗೆ ಇಲ್ಲ. ಆ ಹುಡುಗನ ಉತ್ತರ ಸರಿಯೋ ತಪ್ಪೋ ನಾನು ಹೇಳಲಾರೆ. ಇನ್ನೊಬ್ಬ ಮೌಲ್ಯಮಾಪಕರು ಒಮ್ಮೆ ನೋಡಿ ತಪ್ಪು ಎಂದರೆ ಅವನು ಒಪ್ಪಿ ಮತ್ತೆ ಓದಲು ಕೂರುತ್ತಾನೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ 30ಎ ಕಲಮಿನಡಿ ನಿಯಮಾವಳಿಯನ್ನು ತಿದ್ದುವಂತೆ ಸಿಎ ಪರೀಕ್ಷೆ ನಡೆಸುವ ಸಂಸ್ಥೆಯ ಕೌನ್ಸಿಲ್‌ಗೆ ಲಿಖಿತ ಆದೇಶ ನೀಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಮತ್ತು ಇದಕ್ಕೆ ಸಂಬಂಧಿಸಿದ ಕಾರ್ಪೊರೇಟ್ ವ್ಯವಹಾರಗಳ ಖಾತೆ ತಮ್ಮದೇ. ಅರ್ಜಿಗಳ ಹೊರೆ ಬೀಳುತ್ತದೆ ಎನ್ನುವುದಾದರೆ ತಕ್ಕ ಶುಲ್ಕ ವಿಧಿಸಲಿ, ಮೊದಲಿಗೆ ನಾಲ್ಕೈದು ಅಂಕಗಳಿಂದ ಅನುತ್ತೀರ್ಣರಾದವರಿಗಷ್ಟೇ ಅವಕಾಶ ಕೊಡಲಿ. ರಾಜ್ಯಸಭೆಯಲ್ಲಿ ಕರ್ನಾಟಕವನ್ನೇ ಪ್ರತಿನಿಧಿಸುವ ತಾವು ಮೇ ತಿಂಗಳ ಪರೀಕ್ಷೆಯ ಫಲಿತಾಂಶಕ್ಕೆ ಮೊದಲೇ ಈ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇನೆ. ಗೇಟಿನ ಬಳಿ ಕಂಡ ಆ ಹುಡುಗಿ, ಹುಡುಗ ಇಬ್ಬರೂ ಮೇ ತಿಂಗಳಲ್ಲಿ ಮತ್ತೆ ಬರೆಯಲಿದ್ದಾರೆ.

ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ವಾಣಿಜ್ಯ ಉಪನ್ಯಾಸಕ