ಬಿಜಾಪುರ ಅಂತ ಹುಡುಕಿದರೆ ನಮ್ಮೂರು ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಗೋಳಗುಮ್ಮಟದ ಗೇಟಿನ ಮುಂದೆ ಗೈಡ್ ಕೆಲಸ ಮಾಡಿ ಹೊಟ್ಟೆ ಹೊರೆಯುವವನು ನಾನು. ಈಗ ಬರುವ ಪ್ರವಾಸಿಗರು ಮೊದಲಿನ ಹಾಗೆ ನಮ್ಮನ್ನು ಏನೂ ಕೇಳುವುದಿಲ್ಲ, ಎಲ್ಲ ಫೋನಿನಲ್ಲೇ ನೋಡಿಕೊಂಡು ಬಂದಿರುತ್ತಾರೆ. ಏನು ನೋಡಿಕೊಂಡು ಬಂದಿದ್ದಾರೆ ಅನ್ನುವುದು ಅವರ ಜತೆ ಹತ್ತು ಹೆಜ್ಜೆ ಹಾಕಿದರೆ ಗೊತ್ತಾಗುತ್ತದೆ. ಅದನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ.

ತೊಡಕು ಊರಿನ ಹೆಸರಿನಿಂದಲೇ ಶುರು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ನಮಗೆಲ್ಲ ಸಂತೋಷವೇ. ಆದರೆ ಹೊರಗಿನವರು ಇವತ್ತಿಗೂ ಹುಡುಕುವುದು ಬಿಜಾಪುರವನ್ನೇ. ಹುಡುಕಿದವರಿಗೆ ಎದುರಾಗುವುದು ಛತ್ತೀಸಗಡದ ಬಸ್ತರ್ ಸೀಮೆಯ ಬಿಜಾಪುರ. 2021ರ ಏಪ್ರಿಲ್‌ನಲ್ಲಿ ನಕ್ಸಲರ ಗುಂಡಿಗೆ 22 ಯೋಧರು ಬಲಿಯಾದದ್ದು, 2025ರ ಜನವರಿಯಲ್ಲಿ ನೆಲಬಾಂಬಿಗೆ ಯೋಧರ ವಾಹನ ಛಿದ್ರವಾದದ್ದು ಆ ಬಿಜಾಪುರದ ಸುದ್ದಿ. ಬೆಂಗಳೂರಿನಲ್ಲಿ ನೌಕರಿಗಿರುವ ದಿಲ್ಲಿ ಕಡೆಯವರೊಬ್ಬರು ಬರುವ ಹಿಂದಿನ ದಿನ ನನಗೆ ಫೋನು ಮಾಡಿ, "ಅಲ್ಲಿ ನಕ್ಸಲರ ಕಾಟ ಇದೆಯಂತಲ್ಲ, ಮಕ್ಕಳನ್ನು ಕರೆದುಕೊಂಡು ಬರಬಹುದಾ?" ಎಂದು ಹಿಂದಿಯಲ್ಲಿ ಕೇಳಿದರು. ಬಸ್ತರ್ ಎಲ್ಲಿ, ಆಲಮಟ್ಟಿ ಎಲ್ಲಿ ಎಂದು ಅವರಿಗೆ ಫೋನಿನಲ್ಲೇ ಭೂಗೋಳದ ಪಾಠ ಮಾಡಿದೆ. ಬಂದರು, ಪುಣ್ಯ. ಫೋನು ಮಾಡದೆ ಬಾದಾಮಿಯಿಂದಲೇ ಹಿಂದಕ್ಕೆ ಹೋದವರು ಎಷ್ಟು ಜನವೋ!

ಸರಿ, ಹೊಸ ಹೆಸರಿನಿಂದ ಹುಡುಕಿದರೆ? ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಬೆಂಗಳೂರಿನಲ್ಲಿ ವಿಮಾನ ಇಳಿದವರಿಗೆ ಫೋನು ಆ ಊರಿನ ದಾರಿ ತೋರಿಸಿದರೆ ಫೋನನ್ನು ಬೈದು ಉಪಯೋಗವಿಲ್ಲ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ದಖ್ಖನಿ ಸುಲ್ತಾನರ ಸ್ಮಾರಕಗಳು ಸೇರಿದ್ದೂ 2014ರಲ್ಲೇ, ಅಲ್ಲಿ ನಮ್ಮೂರು ಇರುವುದು ಹಳೆಯ ಹೆಸರಿನಲ್ಲಿ. ರೈಲು ನಿಲ್ದಾಣದ ಬೋರ್ಡು ಬದಲಾಗಿದೆ, ಕೋಡ್ ಮಾತ್ರ ಈಗಲೂ ಬಿಜೆಪಿ. (ರಾಜಕೀಯ ಏನಿಲ್ಲ ಮತ್ತ, ಹಳೆಯ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಅಷ್ಟೇ.) ಸರ್ಕಾರಿ ಜಾಲತಾಣಗಳ ಮೊದಲ ಪುಟದಲ್ಲಿ "ಕರ್ನಾಟಕದ ವಿಜಯಪುರ, ಹಿಂದಿನ ಬಿಜಾಪುರ" ಎಂದು ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್ ನಾಲ್ಕರಲ್ಲೂ ಎದ್ದು ಕಾಣುವ ಹಾಗೆ ಬರೆದರೆ ಅರ್ಧ ಗೊಂದಲ ಕಳೆಯುತ್ತದೆ. ಸೊಲ್ಲಾಪುರ ಇಲ್ಲಿಗೆ ನೂರೇ ಕಿಲೋಮೀಟರ್, ನಮ್ಮ ಗಿರಾಕಿಗಳಲ್ಲಿ ಮರಾಠಿ ಮಂದಿ ಬಹಳ. ಮರಾಠಿಯಲ್ಲಿ ಒಂದು ಸಾಲು ಬರೆದರೆ ಕನ್ನಡಕ್ಕೇನೂ ಕುಂದಿಲ್ಲ.

ಇನ್ನು ಆ ಜಾಲತಾಣಗಳ ಒಳಗೆ ಏನಿದೆ? ಯಾವ ಇಲಾಖೆ ಎಂದು ಹೆಸರು ಹೇಳಿ ಜಗಳ ತೆಗೆಯಲಾರೆ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಕಳೆದ ಚಳಿಗಾಲದಲ್ಲಿ ದಾವಣಗೆರೆ ಕಡೆಯ ಶಾಲೆಯೊಂದರ ಮಕ್ಕಳು ಶುಕ್ರವಾರವೇ ಬಂದಿಳಿದರು. ಶಾಸನಗಳನ್ನು ನೋಡಿ ಟಿಪ್ಪಣಿ ಬರೆಯಬೇಕೆಂದು ಎಲ್ಲರ ಕೈಯಲ್ಲೂ ನೋಟ್‌ಬುಕ್ಕು. ಮೇಷ್ಟ್ರು ಫೋನು ತೆಗೆದು ನನ್ನ ಮುಖಕ್ಕೆ ಹಿಡಿದರು: ಸರ್ಕಾರಿ ಪುಟದಲ್ಲಿ "ಪ್ರತಿದಿನ ತೆರೆದಿರುತ್ತದೆ" ಎಂದೇ ಇತ್ತು. ಕೆಳಗೆ ಇಬ್ರಾಹಿಂ ರೋಜಾ ಎಂಬ ಹೆಸರಿನಲ್ಲಿ ಬಾರಾ ಕಮಾನಿನ ಚಿತ್ರ! ಬಾರಾ ಕಮಾನು ಮುಗಿಯದೆ ನಿಂತ ಗೋರಿ, ಇಬ್ರಾಹಿಂ ರೋಜಾ ಜಾಲರಿಯ ಕಲ್ಲಿನಲ್ಲಿ ಅಕ್ಷರ ಕೊರೆದ ಚೆಲುವಿನ ಕಟ್ಟಡ. ಆ ಚಿತ್ರ ಹಾಕಿದವರು ಎರಡರ ಹತ್ತಿರವೂ ಸುಳಿದಂತಿಲ್ಲ. ಮಕ್ಕಳು ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡು ಹೋದರು.

ಪ್ರಕಟಣೆಗಳ ಕಥೆ ಬೇರೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪು ಮಾಡಿ, ಪ್ರಿಂಟು ತೆಗೆದು, ಸಹಿ ಸೀಲು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸುತ್ತಾರೆ. ಅಷ್ಟಾದ ಮೇಲೆ ಅದು ಬರೀ ಚಿತ್ರ. ಅದರೊಳಗಿನ ಕನ್ನಡ ಹುಡುಕಾಟಕ್ಕೆ ಸಿಗುವುದು ಕಷ್ಟ.

ಸರ್ಕಾರ ಬಿಟ್ಟ ಜಾಗವನ್ನು ರೀಲ್ಸ್ ಹುಡುಗರು ತುಂಬಿದ್ದಾರೆ. ಅವರನ್ನು ಪೂರ್ತಿ ಹಳಿಯಲಾರೆ, ಅವರಿಂದಲೇ ಜನ ಬರುತ್ತಾರೆ. ಆದರೆ ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನು ಕಿರುಚುವ ಗ್ಯಾಲರಿ ಮಾಡಿದವರೂ ಅವರೇ. ಈ ಬದಿಯ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಹೆಸರು ಹೇಳಿದರೆ ಎದುರು ಬದಿಯ ಗೋಡೆಗೆ ಕಿವಿ ಕೊಟ್ಟವರಿಗೆ ಅದು ಮುಟ್ಟಬೇಕು, ಮಜಾ ಇರುವುದೇ ಅಲ್ಲಿ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರು, ವಿಡಿಯೊದಲ್ಲಿ ಕಂಡ ಹಾಗೆ, ಸೀಟಿ ಹೊಡೆದು ಅರಚುತ್ತಾರೆ. ನಾನು ಪಿಸುಗುಟ್ಟಿದ್ದು ನನಗೇ ಕೇಳುವುದಿಲ್ಲ. ಗ್ಯಾಲರಿ ಬಳಸುವುದು ಹೇಗೆಂದು ಒಂದು ನಿಮಿಷದ ವಿಡಿಯೊ ಮಾಡಿ ಅಧಿಕೃತ ಖಾತೆಯಲ್ಲಿ ಹಾಕಲು ಎಷ್ಟು ಖರ್ಚು? ಒಂದೂ ಕಂಬವಿಲ್ಲದೆ, ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳ ಮೇಲೆ 44 ಮೀಟರ್ ವ್ಯಾಸದ ಗುಮ್ಮಟ ಹೇಗೆ ಕೂತಿದೆ ಎಂದು ತೋರಿಸಿದರೆ ನೋಡುವವರಿಲ್ಲವೇ?

ಅಧಿಕೃತ ಖಾತೆಗಳಲ್ಲಿ ಈಗ ಇರುವುದು ಶಂಕುಸ್ಥಾಪನೆ, ಪರಿಶೀಲನಾ ಸಭೆ, ಜನ್ಮದಿನದ ಶುಭಾಶಯ. ಊರು ಕಾಣುವುದು ಸಾಹೇಬರ ಬೆನ್ನ ಹಿಂದೆ. ಕೆಳಗೆ ಯಾರೋ "ತಾಜ್ ಬಾವಡಿ ನೋಡಬಹುದೇ, ಕಸ ಇದೆಯಂತೆ" ಎಂದು ಕೇಳಿದರೆ ಉತ್ತರ ಇಲ್ಲ. ಬಾವಡಿಯ ಹೂಳು, ಕಸ ತೆಗೆದು ಕೆಲವು ವರ್ಷಗಳೇ ಆದವು. ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ ಆ ಬಾವಿ, ಹಚ್ಚಗೆ ಪಾಚಿಗಟ್ಟಿ ಪ್ಲಾಸ್ಟಿಕ್ ತೇಲುತ್ತಿದ್ದ ಕಾಲದ ಫೋಟೊಗಳಲ್ಲೇ ಫೋನಿನ ಮೇಲೆ ಉಳಿದಿದೆ. ದುಡ್ಡು ಸುರಿದು ಸ್ವಚ್ಛ ಮಾಡಿದವರು ಹೊಸ ನಾಲ್ಕು ಫೋಟೊ ಏರಿಸಲು ಮರೆತರೆ ಹೇಗೆ? ಹೊಸ ಚಿತ್ರ ಹಾಕಿದ ಮೇಲೆ ಮತ್ತೆ ಕಸ ಬೀಳದಂತೆ ನೋಡಿಕೊಳ್ಳಬೇಕಾಗುತ್ತದೆ, ಆ ಮಾತೂ ನಿಜ.

ನನ್ನ ಬೇಡಿಕೆ ದೊಡ್ಡದಲ್ಲ. ಕೋಟಿ ರೂಪಾಯಿಯ ಆ್ಯಪ್, ಡ್ರೋನ್ ಸಿನಿಮಾ ಬೇಡ. ಜಿಲ್ಲಾಡಳಿತದಲ್ಲಿ ಒಬ್ಬರಿಗೆ ಈ ಪುಟಗಳ ಹೊಣೆ ವಹಿಸಿ, ತಿಂಗಳಿಗೊಮ್ಮೆ ಅವರು ಫೋನು ಹಿಡಿದು ಸ್ಮಾರಕಗಳನ್ನು ಸುತ್ತಿ ಬರಲಿ. ಸಮಯ, ರಜೆ, ಟಿಕೆಟ್ ದರ, ಕುಡಿಯುವ ನೀರು, ಶೌಚಾಲಯ ಇಷ್ಟು ಸರಿ ಇದ್ದರೆ ಸಾಕು. ಪರವಾನಗಿ ಇರುವ ಗೈಡ್‌ಗಳ ಪಟ್ಟಿಯೂ ಇರಲಿ. ಇದರಲ್ಲಿ ನನ್ನ ಸ್ವಾರ್ಥವಿದೆ, ಮುಚ್ಚಿಡುವುದೇಕೆ? ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳ ಸಾಲು ಹತ್ತುತ್ತದೆ. ಅಷ್ಟರೊಳಗೆ ಆ ಶುಕ್ರವಾರದ ರಜೆಯ ಒಂದು ಸಾಲನ್ನಾದರೂ ಸೇರಿಸಲಿ.

ಇಂತಿ,
ಒಬ್ಬ ಪ್ರವಾಸಿ ಮಾರ್ಗದರ್ಶಿ, ವಿಜಯಪುರ